ಆಂಬುಲೆನ್ಸ್ ಬರುವ ತನಕ ನೀವೇ ಆಂಬುಲೆನ್ಸ್: ಹೃದಯ ನಿಂತಾಗ ಪಕ್ಕದಲ್ಲಿದ್ದವರು ಏನು ಮಾಡಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ನೀವು ಬಸ್ಸಲ್ಲಿ ಕೂತು ಕೇಳ್ತಿರಬಹುದು, ವಾಕಿಂಗ್ ಮಾಡ್ತಾ ಕೇಳ್ತಿರಬಹುದು, ಪಾತ್ರೆ ತೊಳೀತಾ ಕೇಳ್ತಿರಬಹುದು. ಇವತ್ತು ಒಂದೇ ಒಂದು ಕೋರಿಕೆ: ಈ ಸಂಚಿಕೆಯನ್ನ ಅರ್ಧಕ್ಕೆ ಬಿಡಬೇಡಿ. ಇವತ್ತು ಹೇಳೋದು ಕೇಳಿ ಮರೆಯೋ ಸುದ್ದಿ ಅಲ್ಲ. ಒಂದು ದಿನ ನಿಮ್ಮ ಮನೆಯ ಹಾಲ್‌ನಲ್ಲೇ ಬೇಕಾಗಬಹುದಾದ ವಿದ್ಯೆ. ಕಲಿಯೋಕೆ ಹೆಚ್ಚು ಹೊತ್ತೂ ಬೇಡ.

ವಿಷಯ ಏನಂದ್ರೆ, ಹೃದಯ ಸ್ತಂಭನ. ಅಂದ್ರೆ ಕಾರ್ಡಿಯಾಕ್ ಅರೆಸ್ಟ್. ಜೊತೆಗೆ, ಆ ಹೊತ್ತಲ್ಲಿ ಪಕ್ಕದಲ್ಲಿರುವ ಸಾಮಾನ್ಯ ಮನುಷ್ಯ ಕೊಡಬಹುದಾದ ಸಿಪಿಆರ್.

ಮೈದಾನದಲ್ಲಿ ನಿಂತ ಹೃದಯ

ಮೊದಲು ಒಂದು ಫುಟ್‌ಬಾಲ್ ಪಂದ್ಯಕ್ಕೆ ಹೋಗೋಣ. 2021ರ ಜೂನ್ 12, ಶನಿವಾರ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ ಪಾರ್ಕೆನ್ ಸ್ಟೇಡಿಯಂ. ಕೋವಿಡ್‌ನಿಂದಾಗಿ ಒಂದು ವರ್ಷ ತಡವಾಗಿ ಶುರುವಾಗಿದ್ದ ಯೂರೋ ಟೂರ್ನಿ. ಡೆನ್ಮಾರ್ಕ್‌ಗೆ ಅದು ಮೊದಲ ಪಂದ್ಯ, ಎದುರಾಳಿ ಫಿನ್ಲೆಂಡ್. ಮೊದಲಾರ್ಧ ಮುಗಿಯೋಕೆ ಇನ್ನೇನು ಕೆಲವೇ ನಿಮಿಷ. ಥ್ರೋ ಇನ್‌ನಿಂದ ಬಂದ ಚೆಂಡಿನ ಕಡೆ ಹೆಜ್ಜೆ ಹಾಕಿದ ಕ್ರಿಸ್ಟಿಯನ್ ಎರಿಕ್ಸನ್ ಹಾಗೇ ಮುಂದಕ್ಕೆ ಕುಸಿದುಬಿಟ್ಟರು. ಯಾರೂ ತಳ್ಳಿರಲಿಲ್ಲ, ಯಾರೂ ಕಾಲು ಅಡ್ಡ ಕೊಟ್ಟಿರಲಿಲ್ಲ.

ವಯಸ್ಸು 29. ದೇಶದ ಸ್ಟಾರ್ ಆಟಗಾರ. ಇಟಲಿಯ ಇಂಟರ್ ಮಿಲಾನ್ ಕ್ಲಬ್‌ಗೆ ಆಡ್ತಿದ್ದವರು. ಅಲ್ಲಿ ಆಟಗಾರರಿಗೆ ಹೃದಯ ತಪಾಸಣೆ ಕಡ್ಡಾಯ. ಅಂಥ ತಪಾಸಣೆಯಲ್ಲಿ ಪಾಸಾಗಿದ್ದ ಹೃದಯ ಟಿವಿ ಮುಂದೆ ಕೂತಿದ್ದ ಕೋಟ್ಯಂತರ ಜನರ ಕಣ್ಣೆದುರೇ ನಿಂತುಹೋಯ್ತು.

ಮುಂದೆ ಆಗಿದ್ದನ್ನ ಗಮನಿಸಿ. ರೆಫರಿ ಆ್ಯಂಟನಿ ಟೇಲರ್ ತಕ್ಷಣ ಆಟ ನಿಲ್ಲಿಸಿ ವೈದ್ಯರನ್ನ ಕರೆದರು. ನಾಯಕ ಸೈಮನ್ ಕೇರ್ ಓಡಿಬಂದು ಎರಿಕ್ಸನ್ ಪಕ್ಕ ಮಂಡಿಯೂರಿದರು. ತಂಡದ ವೈದ್ಯ ಮಾರ್ಟನ್ ಬೋಸನ್ ತಲುಪಿದಾಗ ಎರಿಕ್ಸನ್ ಇನ್ನೂ ಉಸಿರಾಡ್ತಿದ್ದರು, ನಾಡಿಯೂ ಸಿಗ್ತಿತ್ತು. ನೋಡ್ತಾ ನೋಡ್ತಾ ಎರಡೂ ನಿಂತವು. ಅಲ್ಲೇ, ಹುಲ್ಲಿನ ಮೇಲೇ ಸಿಪಿಆರ್ ಶುರುವಾಯ್ತು. ಡಿಫಿಬ್ರಿಲೇಟರ್ ಯಂತ್ರ ಬಂತು. ಒಂದೇ ಒಂದು ಶಾಕ್. ಹೃದಯ ಮತ್ತೆ ಬಡಿಯಿತು.

ಆ ಹೊತ್ತಿಗೆ ಸಹ ಆಟಗಾರರು ಎರಿಕ್ಸನ್ ಸುತ್ತ ವೃತ್ತ ಕಟ್ಟಿ ನಿಂತಿದ್ದರು. ಕ್ಯಾಮೆರಾಗಳಿಗೆ ಬೆನ್ನೋ ಎದೆಯೋ ಅಡ್ಡ ಕೊಟ್ಟು. ಕೆಲವರು ಅಳ್ತಿದ್ದರು, ಆದರೂ ಆ ಗೋಡೆ ಬಿಡಲಿಲ್ಲ. ಈ ಗೋಡೆಯ ವಿಷಯಕ್ಕೆ ಆಮೇಲೆ ಬರ್ತೀನಿ.

ಎರಿಕ್ಸನ್ ಎದೆಯೊಳಗೆ ಪುಟ್ಟ ಡಿಫಿಬ್ರಿಲೇಟರ್ ಅಳವಡಿಸಲಾಯ್ತು. ಐಸಿಡಿ ಅಂತಾರೆ. ಇಟಲಿಯ ನಿಯಮದ ಪ್ರಕಾರ ಅದನ್ನ ಇಟ್ಕೊಂಡು ಲೀಗ್ ಆಡೋ ಹಾಗಿರಲಿಲ್ಲ, ಇಂಟರ್ ಜೊತೆಗಿನ ಒಪ್ಪಂದ ಮುಗಿಯಿತು. 2022ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಪರ ಮೈದಾನಕ್ಕೆ ಮರಳಿದರು. ಮಾರ್ಚ್‌ನಲ್ಲಿ ಡೆನ್ಮಾರ್ಕ್ ಪರ ಬದಲಿ ಆಟಗಾರನಾಗಿ ಬಂದು ಎರಡು ನಿಮಿಷದೊಳಗೆ ಗೋಲು. 2024ರ ಯೂರೋದಲ್ಲಿ ಸ್ಲೊವೇನಿಯಾ ವಿರುದ್ಧ ಮತ್ತೊಂದು ಗೋಲು.

ಸರಿ, ಅಲ್ಲಿ ವೈದ್ಯರಿದ್ದರು, ಯಂತ್ರ ಇತ್ತು, ನಮ್ಮ ಬೀದಿಯಲ್ಲಿ ಏನಿದೆ ಅಂತ ನೀವು ಕೇಳಬಹುದು. ನಮ್ಮ ಬೀದಿಯಲ್ಲಿ ಇರೋದು ನೀವು. ಅದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಆಗಬೇಕಾದ್ರೆ ಮೊದಲು ಒಂದು ಗೊಂದಲ ಬಗೆಹರಿಸ್ಕೋಬೇಕು.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್. ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸ್ತೀವಿ. ಎರಡೂ ಒಂದೇ ಅಲ್ಲ.

ಮನೆಗೆ ಹೋಲಿಸಿ ನೋಡಿ. ಹೃದಯಾಘಾತ ಅಂದ್ರೆ ನೀರಿನ ಪೈಪ್ ಕಟ್ಟಿಕೊಂಡ ಹಾಗೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಅಡ್ಡಿ. ಎದೆ ನೋವು, ಬೆವರು, ಉಸಿರು ಕಟ್ಟಿದ ಹಾಗೆ ಆಗುತ್ತೆ. ಆದರೆ ಬಹುತೇಕ ಸಲ ಆ ವ್ಯಕ್ತಿಗೆ ಪ್ರಜ್ಞೆ ಇರುತ್ತೆ, ಮಾತಾಡ್ತಾರೆ. ಅವರಿಗೆ ಸಿಪಿಆರ್ ಬೇಡ, ತಡ ಮಾಡದೆ ಆಸ್ಪತ್ರೆ ಬೇಕು.

ಹೃದಯ ಸ್ತಂಭನ ಅಂದ್ರೆ ಮನೆಯ ಕರೆಂಟೇ ಕೈಕೊಟ್ಟ ಹಾಗೆ. ಹೃದಯದ ವಿದ್ಯುತ್ ತಾಳ ತಪ್ಪುತ್ತೆ. ಅದು ಬಡಿಯೋ ಬದಲು ಸುಮ್ಮನೆ ನಡುಗುತ್ತೆ, ಇಲ್ಲಾ ಪೂರ್ತಿ ನಿಲ್ಲುತ್ತೆ. ರಕ್ತ ಮುಂದಕ್ಕೆ ಹೋಗಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತೆ. ಹೃದಯಾಘಾತದಿಂದ ಹೃದಯ ಸ್ತಂಭನ ಆಗಬಹುದು. ಬೇರೆ ಕಾರಣದಿಂದಲೂ ಆಗಬಹುದು.

2021ರ ಅಕ್ಟೋಬರ್ 29 ನಮಗೆಲ್ಲ ನೆನಪಿದೆ. 46ನೇ ವಯಸ್ಸಿನಲ್ಲಿ ಅಪ್ಪು ಹೋದ ದಿನ. ಆಮೇಲಿನ ದಿನಗಳಲ್ಲಿ ಏನಾಯ್ತು? ಜಯದೇವ ಆಸ್ಪತ್ರೆ ಮುಂದೆ ತಪಾಸಣೆಗೆ ಸಾಲುಗಟ್ಟಿದ ಜನ. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗಲೂ ಅದೇ ಸಾಲು, ಅದೇ ಆತಂಕ. ತಪಾಸಣೆ ತಪ್ಪಲ್ಲ. ರಾಜ್ಯ ಸರ್ಕಾರ ಪುನೀತ್ ಅವರ ಹೆಸರಲ್ಲೇ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ. ಇದೂ ಒಳ್ಳೆಯದೇ.

ಆದರೆ ಒಂದು ಮಾತು. ಇದೆಲ್ಲ ಜೀವ ಇರುವಾಗ ಆಸ್ಪತ್ರೆ ಬಾಗಿಲು ಮುಟ್ಟಿದವರಿಗೆ. ಹೃದಯ ಮನೆಯಲ್ಲೋ ರಸ್ತೆಯಲ್ಲೋ ನಿಂತುಹೋದರೆ, ಆ ಬಾಗಿಲಿನ ತನಕ ಜೀವ ಹಿಡಿದಿಡೋರು ಯಾರು? ನಮ್ಮ ಭಯ ನಮ್ಮನ್ನ ಚೆಕಪ್ ಸಾಲಿಗೆ ಕರೆದೊಯ್ಯಿತು. ಸಿಪಿಆರ್ ಕಲಿಯೋ ಸಾಲು ಮಾತ್ರ ಅಷ್ಟು ಉದ್ದ ಆಗಲಿಲ್ಲ.

ನಿಮಿಷಗಳ ಲೆಕ್ಕ

ಹೃದಯ ನಿಂತ ಮೇಲೆ ಮಿದುಳಿಗೆ ಆಮ್ಲಜನಕ ಹೋಗಲ್ಲ. ನಾಲ್ಕರಿಂದ ಆರು ನಿಮಿಷದ ಹೊತ್ತಿಗೆ ಮಿದುಳಿಗೆ ಹಾನಿ ಶುರುವಾಗುತ್ತೆ. ಸಿಪಿಆರ್ ಕೊಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತೆ. ಹತ್ತು ನಿಮಿಷ ಯಾರೂ ಏನೂ ಮಾಡದಿದ್ರೆ, ಆಮೇಲೆ ಎಷ್ಟೇ ದೊಡ್ಡ ಡಾಕ್ಟರ್ ಬಂದರೂ ಅವರ ಕೈಯಲ್ಲಿ ಉಳಿಯೋದು ತೀರಾ ಕಡಿಮೆ.

ಈಗ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಿಸ್ಕೊಳ್ಳಿ. ಅಥವಾ ಮಳೆಗಾಲದಲ್ಲಿ ಮಲೆನಾಡಿನ ಒಂಟಿ ಮನೆ. ನಾಲ್ಕು ನಿಮಿಷದಲ್ಲಿ ಅಲ್ಲಿಗೆ ಆಂಬುಲೆನ್ಸ್ ಬರುತ್ತಾ? ಡ್ರೈವರ್ ಎಷ್ಟೇ ಪ್ರಾಮಾಣಿಕವಾಗಿ ಓಡಿಸಿದರೂ ಕಷ್ಟ. ಅದಕ್ಕೇ ಹೇಳೋದು, ಆಂಬುಲೆನ್ಸ್ ಬರುವ ತನಕ ಆ ವ್ಯಕ್ತಿಗೆ ನೀವೇ ಆಂಬುಲೆನ್ಸ್.

ಎದೆ ಒತ್ತಿದ್ರೆ ಏನಾಗುತ್ತೆ? ಒತ್ತಿದಾಗ ಹೃದಯದಿಂದ ರಕ್ತ ಹೊರಗೆ ತಳ್ಳಲ್ಪಡುತ್ತೆ, ಬಿಟ್ಟಾಗ ಮತ್ತೆ ತುಂಬಿಕೊಳ್ಳುತ್ತೆ. ಹೃದಯ ಮಾಡಬೇಕಾದ ಕೆಲಸವನ್ನ ನಿಮ್ಮ ಕೈ ಹೊರಗಿಂದ ಮಾಡುತ್ತೆ. ಪೂರ್ತಿ ಅಲ್ಲ, ಒಂದಿಷ್ಟು. ಆದರೆ ಮಿದುಳನ್ನ ಉಳಿಸ್ಕೊಳ್ಳೋಕೆ ಆ ಒಂದಿಷ್ಟೇ ಆಧಾರ.

ಇಲ್ಲೊಂದು ಸ್ವಾರಸ್ಯ ಇದೆ. ಬೆಂಗಳೂರಲ್ಲಿ ಕಲ್ಲು ಹೊಡೆದ್ರೆ ಇಂಜಿನಿಯರ್‌ಗೇ ಬೀಳುತ್ತೆ ಅಂತೀವಲ್ಲ, ಅವರೆಲ್ಲ ಕೇಳಿ. ಈ ಎದೆ ಒತ್ತುವ ವಿಧಾನವನ್ನ ಜಗತ್ತಿಗೆ ಕೊಟ್ಟ ಮೂವರಲ್ಲಿ ಮುಖ್ಯರಾದ ವಿಲಿಯಂ ಕೌವೆನ್‌ಹೋವನ್ ಡಾಕ್ಟರ್ ಆಗಿರಲಿಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಾಯಿಗಳ ಮೇಲೆ ಡಿಫಿಬ್ರಿಲೇಟರ್ ಪ್ರಯೋಗ ನಡೀತಿದ್ದಾಗ, ಶಾಕ್ ಕೊಡೋ ಪ್ಯಾಡ್‌ಗಳನ್ನ ಎದೆ ಮೇಲೆ ಒತ್ತಿದ್ರೆ ಸಾಕು, ರಕ್ತದೊತ್ತಡ ಏರುತ್ತೆ ಅನ್ನೋದನ್ನ ಅಲ್ಲಿನ ಯುವ ಸಂಶೋಧಕ ಗೈ ನಿಕರ್‌ಬಾಕರ್ ಗಮನಿಸಿದರು. ಅದೇ ಎಳೆ ಹಿಡಿದು, ಸರ್ಜನ್ ಜೇಮ್ಸ್ ಜೂಡ್ ಕೂಡ ಸೇರಿ, 1960ರಲ್ಲಿ ಈ ಮೂವರು ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಇಷ್ಟೇ: ಇದನ್ನ ಯಾರು ಬೇಕಾದ್ರೂ, ಎಲ್ಲಿ ಬೇಕಾದ್ರೂ ಶುರು ಮಾಡಬಹುದು, ಬೇಕಾಗಿರೋದು ಎರಡು ಕೈ. ಅದಕ್ಕೂ ಮುಂಚೆ ನಿಂತ ಹೃದಯವನ್ನ ನಡೆಸೋಕೆ ಸರ್ಜನ್‌ಗಳು ಎದೆ ಸೀಳಿ ಹೃದಯವನ್ನೇ ಕೈಯಲ್ಲಿ ಹಿಡಿದು ಹಿಸುಕಬೇಕಿತ್ತು.

ಗುರುತಿಸೋದು ಹೇಗೆ?

ನಮ್ಮ ಜನ ಎಡವೋದು ಇಲ್ಲೇ. ಯಾರೋ ಕುಸಿದು ಬಿದ್ದರು. ಗುಂಪು ಸೇರಿತು. ಒಬ್ಬರು ಮುಖಕ್ಕೆ ನೀರು ಚಿಮುಕಿಸ್ತಾರೆ. ಇನ್ನೊಬ್ಬರು ಬಾಯಿಗೆ ಸೋಡಾ ಹಾಕೋಕೆ ಹೋಗ್ತಾರೆ. ಮತ್ತೊಬ್ಬರು ಅಂಗಾಲು ತಿಕ್ತಾರೆ, ಈರುಳ್ಳಿ ಹೆಚ್ಚಿ ಮೂಗಿಗೆ ಹಿಡೀತಾರೆ. ಕೈಕಾಲು ಸ್ವಲ್ಪ ಅದುರಿದ್ರೆ ‘ಫಿಟ್ಸು, ಫಿಟ್ಸು’ ಅಂತ ಬೀಗದ ಕೈ ಗೊಂಚಲು ತಂದು ಮುಷ್ಟಿಯಲ್ಲಿ ಇಡ್ತಾರೆ. ಎಲ್ಲರದ್ದೂ ಒಳ್ಳೆ ಮನಸ್ಸೇ. ಆದರೆ ಹೃದಯ ನಿಂತಿದ್ರೆ ಇದ್ಯಾವುದರಿಂದಲೂ ಪ್ರಯೋಜನ ಇಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಸೋಡಾ ಹಾಕಿದ್ರೆ ಅದು ಶ್ವಾಸಕೋಶಕ್ಕೇ ಹೋಗಬಹುದು. ಅಷ್ಟರಲ್ಲಿ ಮೂರು ನಿಮಿಷ ಕಳೆದೇ ಹೋಯ್ತು.

ನೀವು ನೋಡಬೇಕಾದ್ದು ಎರಡೇ. ಒಂದು, ಎಚ್ಚರ ಇದೆಯಾ? ಎರಡೂ ಭುಜ ತಟ್ಟಿ, ಜೋರಾಗಿ ಕರೆಯಿರಿ: ‘ಅಣ್ಣಾ, ಕೇಳಿಸ್ತಿದೆಯಾ? ಅಮ್ಮಾ, ಕಣ್ಣು ಬಿಡಿ!’ ಎರಡು, ಸರಿಯಾಗಿ ಉಸಿರಾಡ್ತಿದ್ದಾರಾ? ಎದೆ ಏರಿಳೀತಿದೆಯಾ? ಇದನ್ನ ನೋಡೋಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಗೋಬೇಡಿ. ನಾಡಿ ಹುಡುಕ್ತಾ ಕೂರಬೇಡಿ, ಅಭ್ಯಾಸ ಇಲ್ಲದವರಿಗೆ ಅದು ಸುಲಭಕ್ಕೆ ಸಿಗಲ್ಲ.

ಈಗ ಹೇಳೋದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಹೃದಯ ನಿಂತ ಮೊದಲ ಕೆಲವು ನಿಮಿಷ, ಕೆಲವರು ಬಿಟ್ಟು ಬಿಟ್ಟು ಏದುಸಿರು ಎಳೀತಾರೆ. ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಬಾಯಿ ತೆರೀತಾರೆ. ಗೊರಕೆಯಂಥ ಸದ್ದು ಬರುತ್ತೆ. ಅದನ್ನ ನೋಡಿ ಜನ ‘ಉಸಿರಿದೆ, ಏನೂ ಆಗಿಲ್ಲ’ ಅಂತ ಸಮಾಧಾನ ಪಡ್ತಾರೆ. ಅದು ಉಸಿರಾಟ ಅಲ್ಲ. ಅದು ಮಿದುಳಿನ ಕೊನೆಯ ಒದ್ದಾಟ. ಎಚ್ಚರ ಇಲ್ಲ, ಉಸಿರು ಇಲ್ಲ ಅಥವಾ ಈ ಥರ ಏದುಸಿರು ಅಂದ್ರೆ, ಹೃದಯ ನಿಂತಿದೆ ಅಂತಲೇ ತಿಳಿದು ಕೆಲಸ ಶುರು ಮಾಡಿ.

ಹೇಗೆ ಮಾಡೋದು?

ಮೊದಲು ಕರೆ. 108 ಅಥವಾ 112. ಫೋನನ್ನ ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ, ಕೈ ಖಾಲಿ ಇರಲಿ. ಸುತ್ತ ಜನ ಇದ್ದರೆ ‘ಯಾರಾದ್ರೂ ಫೋನ್ ಮಾಡಿ’ ಅನ್ನಬೇಡಿ. ಯಾರಾದ್ರೂ ಅಂದ್ರೆ ಯಾರೂ ಮಾಡಲ್ಲ. ಬೆರಳು ತೋರಿಸಿ ಹೇಳಿ: ‘ನೀಲಿ ಶರ್ಟ್ ಅಣ್ಣ, ನೀವು 108ಕ್ಕೆ ಮಾಡಿ.’ ‘ಅಕ್ಕ, ಇಲ್ಲಿ ಎಲ್ಲಾದ್ರೂ ಎಇಡಿ ಇದೆಯಾ ಕೇಳ್ಕೊಂಡು ಬನ್ನಿ.’

ಆ ವ್ಯಕ್ತಿಯನ್ನ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಾಸಿಗೆ ಮೇಲೆ ಬೇಡ, ಒತ್ತಿದ ಶಕ್ತಿಯನ್ನೆಲ್ಲ ಸ್ಪ್ರಿಂಗೇ ನುಂಗಿಬಿಡುತ್ತೆ. ಪಕ್ಕದಲ್ಲಿ ಮಂಡಿಯೂರಿ. ಒಂದು ಅಂಗೈಯ ಬುಡವನ್ನ ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಭಾಗದ ಮೇಲೆ ಇಡಿ. ಎಡಗಡೆ ಅಲ್ಲ, ನಡುವೆ. ಅದರ ಮೇಲೆ ಇನ್ನೊಂದು ಕೈ. ಬೆರಳು ಬೆಸೆಯಿರಿ. ಮೊಣಕೈ ಮಡಿಸಬೇಡಿ. ನಿಮ್ಮ ಭುಜ ನಿಮ್ಮ ಕೈಗಳ ನೇರ ಮೇಲಿರಲಿ. ಈಗ ತೋಳಿನ ಬಲದಿಂದಲ್ಲ, ಸೊಂಟದಿಂದ ಬಾಗಿ, ಮೈಭಾರ ಹಾಕಿ ಒತ್ತಿ.

ಎಷ್ಟು ಆಳ? ದೊಡ್ಡವರಿಗೆ ಐದರಿಂದ ಆರು ಸೆಂಟಿಮೀಟರ್, ಸುಮಾರು ಎರಡು ಇಂಚು. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರೋಕೆ ಬಿಡಿ. ವೇಗ ಎಷ್ಟು? ನಿಮಿಷಕ್ಕೆ 100ರಿಂದ 120 ಸಲ. ಕೇಳಿ, ಹೀಗೆ.

[ಚಪ್ಪಾಳೆಯ ಸದ್ದು, ಸೆಕೆಂಡಿಗೆ ಹೆಚ್ಚುಕಡಿಮೆ ಎರಡು]

ಒಂದ್, ಎರಡ್, ಮೂರ್, ನಾಕ್, ಐದ್, ಆರ್... ಈ ತಾಳ. ಹೊರದೇಶದಲ್ಲಿ ಇದನ್ನ ಕಲಿಸೋಕೆ ಬೀ ಜೀಸ್ ತಂಡದ ‘ಸ್ಟೇಯಿಂಗ್ ಅಲೈವ್’ ಹಾಡು ಬಳಸ್ತಾರೆ, ಅದರ ತಾಳ ನಿಮಿಷಕ್ಕೆ ಸುಮಾರು 103. ನಿಮಗೆ ಇಂಗ್ಲಿಷ್ ಹಾಡೇ ಬೇಕಂತಿಲ್ಲ. ಮೊಬೈಲ್‌ನಲ್ಲಿ ಮೆಟ್ರೋನೋಮ್ ಆ್ಯಪ್ ಹಾಕಿ, 110ಕ್ಕೆ ಇಟ್ಟು, ನಿಮ್ಮ ಪ್ಲೇಲಿಸ್ಟ್‌ನ ಯಾವ ಕನ್ನಡ ಹಾಡು ಅದಕ್ಕೆ ಹೊಂದುತ್ತೆ ನೋಡಿ. ಆ ಹಾಡು ಇನ್ಮೇಲೆ ನಿಮ್ಮ ಸಿಪಿಆರ್ ಹಾಡು.

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕಾ? ಕಣ್ಣೆದುರು ದಿಢೀರ್ ಅಂತ ಕುಸಿದ ದೊಡ್ಡವರಿಗೆ, ತರಬೇತಿ ಇಲ್ಲದವರು ಬರೀ ಎದೆ ಒತ್ತಿದ್ರೂ ಸಾಕು. ನಮ್ಮ ದೇಶದ ಅರಿವಳಿಕೆ ತಜ್ಞರ ಸಂಘ ಜನಸಾಮಾನ್ಯರಿಗೆಂದೇ ರೂಪಿಸಿದ ವಿಧಾನದಲ್ಲೂ ಇರೋದು ಎದೆ ಒತ್ತುವುದು ಮಾತ್ರ. ಮಕ್ಕಳು, ನೀರಲ್ಲಿ ಮುಳುಗಿದವರ ವಿಷಯ ಬೇರೆ. ಅವರಿಗೆ ಉಸಿರು ಕೊಡೋದೂ ಮುಖ್ಯ, ಅದನ್ನ ತರಬೇತಿಯಲ್ಲೇ ಕಲೀಬೇಕು.

ಎರಡು ನಿಮಿಷ ಒತ್ತೋ ಹೊತ್ತಿಗೆ ಜಿಮ್‌ಗೆ ಹೋಗೋರಿಗೂ ಬೆವರು ಇಳಿಯುತ್ತೆ. ಸುಸ್ತಾದ್ರೆ ಆಳ ಕಡಿಮೆ ಆಗುತ್ತೆ. ಹಾಗಾಗಿ ಪಕ್ಕದವರಿಗೆ ಹೇಳಿಕೊಟ್ಟು, ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. ನಿಲ್ಲಿಸೋದು ಯಾವಾಗ? ಆಂಬುಲೆನ್ಸ್‌ನವರು ಬಂದು ವಹಿಸ್ಕೊಂಡಾಗ, ಇಲ್ಲಾ ಆ ವ್ಯಕ್ತಿ ಸರಿಯಾಗಿ ಉಸಿರಾಡೋಕೆ, ಅಲುಗಾಡೋಕೆ ಶುರು ಮಾಡಿದಾಗ.

ಎಇಡಿ ಅಂದ್ರೆ ತಾನೇ ಹೃದಯದ ತಾಳ ಓದಿ, ಬೇಕಿದ್ರೆ ಮಾತ್ರ ಶಾಕ್ ಕೊಡೋ ಪೆಟ್ಟಿಗೆ. ವಿಮಾನ ನಿಲ್ದಾಣ, ದೊಡ್ಡ ಕಚೇರಿ, ಮಾಲ್‌ಗಳಂಥ ಕೆಲವು ಕಡೆ ಗೋಡೆಯಲ್ಲಿ ಇರುತ್ತೆ. ಆನ್ ಮಾಡಿದ್ರೆ ಏನು ಮಾಡಬೇಕು ಅಂತ ಅದೇ ಮಾತಾಡಿ ಹೇಳುತ್ತೆ. ಬೇಡದವರಿಗೆ ಅದು ಶಾಕ್ ಕೊಡಲ್ಲ, ಹೆದರಬೇಡಿ. ನಿಮ್ಮ ಆಫೀಸಲ್ಲಿ, ಅಪಾರ್ಟ್‌ಮೆಂಟಲ್ಲಿ ಇದೆಯಾ? ಇದ್ದರೆ ಎಲ್ಲಿದೆ? ನಾಳೆ ಕೇಳಿ ನೋಡಿ.

ಫೋನ್ ಹಿಡಿದವರಿಗೆ ಒಂದು ಮಾತು

ಆ ಗೋಡೆಯ ವಿಷಯಕ್ಕೆ ಬರ್ತೀನಿ ಅಂದಿದ್ದೆ. ಡೆನ್ಮಾರ್ಕ್ ಆಟಗಾರರು ತಮ್ಮ ಗೆಳೆಯನನ್ನ ಜಗತ್ತಿನ ಕ್ಯಾಮೆರಾಗಳಿಂದ ಮರೆ ಮಾಡಿ ನಿಂತರು. ನಮ್ಮ ರಸ್ತೆಯಲ್ಲಿ ಯಾರಾದ್ರೂ ಬಿದ್ದರೆ ಗುಂಪು ಒಳಮುಖ ಆಗಿರುತ್ತೆ, ಕೈಗಳು ಮೇಲೆ, ಎಲ್ಲರ ಕೈಲೂ ಫೋನು.

ಫೋನ್ ತೆಗೀಬೇಡಿ ಅಂತ ಹೇಳ್ತಿಲ್ಲ. ತೆಗೀರಿ. ಆದರೆ ಒಬ್ಬರು 108ರ ಜೊತೆ ಲೈನಲ್ಲಿರಿ. ಒಬ್ಬರು ಟೈಮರ್ ಹಾಕಿ ಎರಡು ನಿಮಿಷ ಆಯ್ತು ಅಂತ ಕೂಗಿ. ಒಬ್ಬರು ಟಾರ್ಚ್ ಹಾಕ್ಕೊಂಡು ಮುಖ್ಯರಸ್ತೆಗೆ ಓಡಿ, ಆಂಬುಲೆನ್ಸ್‌ಗೆ ಗಲ್ಲಿ ತೋರಿಸಿ. ಲಿಫ್ಟ್ ಹಿಡಿದು ನಿಲ್ಲೋಕೂ ಒಬ್ಬರು ಬೇಕು, ಗೇಟ್ ತೆಗೆಸೋಕೂ ಒಬ್ಬರು ಬೇಕು. ಉಳಿದವರು ಬೆನ್ನು ತಿರುಗಿಸಿ ಗೋಡೆಯಾಗಿ.

ಭಯ ಯಾವುದು?

ಕೇಸ್ ಆದ್ರೆ? ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಯೋರು ಯಾರು? ಇದು ಎಲ್ಲರ ಮನಸ್ಸಲ್ಲಿ ಇರುವ ಪ್ರಶ್ನೆ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾಗೋರನ್ನ ರಕ್ಷಿಸೋ ಕಾಯ್ದೆಯನ್ನ ಕರ್ನಾಟಕ 2016ರಲ್ಲೇ ರೂಪಿಸಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿ ಅಂಕಿತ ಸಿಕ್ಕಿತು. ರಸ್ತೆ ಅಪಘಾತಗಳ ಮಟ್ಟಿಗೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಸೆಕ್ಷನ್ ದೇಶಕ್ಕೆಲ್ಲ ಅಂಥದ್ದೇ ರಕ್ಷಣೆ ಕೊಡುತ್ತೆ. ಇನ್ನು ಅಪಘಾತ ಅಲ್ಲದ ಸಂದರ್ಭ? ಒಪ್ಪಿಗೆ ಕೊಡೋ ಸ್ಥಿತಿಯಲ್ಲಿ ಇಲ್ಲದವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸವನ್ನ ಅಪರಾಧ ಅಂತ ನೋಡಬಾರದು ಅನ್ನೋದು ನಮ್ಮ ದಂಡ ಸಂಹಿತೆಯಲ್ಲಿ ಹಿಂದಿನಿಂದಲೂ ಇದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 30ನೇ ಸೆಕ್ಷನ್.

ಪಕ್ಕೆಲುಬು ಮುರಿದ್ರೆ? ಮುರಿಯಬಹುದು. ಕೆಲವೊಮ್ಮೆ ‘ಕಟ್’ ಅಂತ ಸದ್ದು ಕೇಳುತ್ತೆ. ಕೈ ಸರಿಯಾದ ಜಾಗದಲ್ಲಿದೆಯಾ ನೋಡ್ಕೊಂಡು ಮುಂದುವರಿಸಿ. ಮುರಿದ ಮೂಳೆ ಕೂಡುತ್ತೆ.

ಹೃದಯ ನಿಂತೇ ಇರದಿದ್ರೆ? ಎಚ್ಚರ ಇಲ್ಲದ, ಸರಿಯಾಗಿ ಉಸಿರಾಡದವರಿಗೆ ಒತ್ತಿ, ಆಮೇಲೆ ಹೃದಯ ನಿಂತಿರಲಿಲ್ಲ ಅಂತ ಗೊತ್ತಾದ್ರೂ ಗಂಭೀರ ಹಾನಿ ಆಗೋದು ಬಹಳ ಅಪರೂಪ. ನಿಂತಿದ್ದ ಹೃದಯವನ್ನ ಒತ್ತದೇ ಬಿಟ್ಟರೆ ಆಗೋದು ಸಾವು.

ಇನ್ನೊಂದು ಸಂಕೋಚ, ಯಾರೂ ಬಾಯಿಬಿಟ್ಟು ಹೇಳದ್ದು. ಬಿದ್ದವರು ಹೆಂಗಸಾದ್ರೆ? ಎದೆ ಮುಟ್ಟೋದು ಹೇಗೆ, ಜನ ಏನಂದ್ಕೋತಾರೆ? ಈ ಹಿಂಜರಿಕೆ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಒಂದು ಅಧ್ಯಯನದಲ್ಲಿ, ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತ ಗಂಡಸರಲ್ಲಿ ಶೇ 45 ಮಂದಿಗೆ ಪಕ್ಕದವರಿಂದ ಸಿಪಿಆರ್ ಸಿಕ್ಕರೆ, ಹೆಂಗಸರಲ್ಲಿ ಸಿಕ್ಕಿದ್ದು ಶೇ 39 ಮಂದಿಗೆ. ಆ ವ್ಯತ್ಯಾಸದ ಹಿಂದೆ ಇರೋದು ಜೀವಗಳು. ಕೈ ಇಡಬೇಕಾದ್ದು ಎದೆಮೂಳೆಯ ಮೇಲೆ. ಬಟ್ಟೆ ಮೇಲಿಂದಲೇ ಒತ್ತಬಹುದು. ‘ನಾನು ಸಿಪಿಆರ್ ಕೊಡ್ತಿದ್ದೀನಿ’ ಅಂತ ಜೋರಾಗಿ ಹೇಳಿ, ಶುರು ಮಾಡಿ.

ಒಂದು ದೇಶ ಕಲಿತಾಗ

ಮತ್ತೆ ಡೆನ್ಮಾರ್ಕ್. ಎರಿಕ್ಸನ್ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕಥೆ ಇನ್ನೊಂದಿದೆ, ಅದರಲ್ಲಿ ಸ್ಟಾರ್‌ಗಳು ಯಾರೂ ಇಲ್ಲ.

2001ರಲ್ಲಿ ಆ ದೇಶದಲ್ಲಿ ಆಸ್ಪತ್ರೆ ಹೊರಗೆ ಹೃದಯ ನಿಂತವರ ಪೈಕಿ ಶೇ 21ರಷ್ಟು ಜನರಿಗೆ ಮಾತ್ರ ಪಕ್ಕದವರಿಂದ ಸಿಪಿಆರ್ ಸಿಗ್ತಿತ್ತು. ಮೂವತ್ತು ದಿನದ ನಂತರವೂ ಬದುಕಿರುತ್ತಿದ್ದವರು ಶೇ 3.5. ಆಮೇಲೆ ಅವರು ಏನು ಮಾಡಿದರು? 2005ರಿಂದ ಶಾಲೆಗಳಲ್ಲಿ ಸಿಪಿಆರ್ ತರಬೇತಿ ಕಡ್ಡಾಯ. 2006ರಿಂದ ಡ್ರೈವಿಂಗ್ ಲೈಸೆನ್ಸ್ ಬೇಕಂದ್ರೆ ಅದಕ್ಕೂ ತರಬೇತಿ ಕಡ್ಡಾಯ. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಹೆಚ್ಚಿಸಿದರು. 2010ರ ಹೊತ್ತಿಗೆ ಪಕ್ಕದವರಿಂದ ಸಿಪಿಆರ್ ಸಿಕ್ಕವರು ಶೇ 45ರ ಹತ್ತಿರ. ಬದುಕುಳಿದವರು ಶೇ 10.8. ಹತ್ತು ವರ್ಷದಲ್ಲಿ ಮೂರು ಪಟ್ಟು.

ಇದಕ್ಕೆ ಸಿಪಿಆರ್ ಒಂದೇ ಕಾರಣ ಅಲ್ಲ, ಆಸ್ಪತ್ರೆ ಚಿಕಿತ್ಸೆಯೂ ಸುಧಾರಿಸಿತ್ತು. ಆದರೆ ಆ ಚಿಕಿತ್ಸೆ ಸಿಗೋ ತನಕ ಜೀವ ಉಳಿಸಿ ತಲುಪಿಸಿದ್ದು ಶಾಲೆ ಮಕ್ಕಳು, ಲೈಸೆನ್ಸ್ ಮಾಡಿಸೋಕೆ ಬಂದಿದ್ದ ಹುಡುಗ ಹುಡುಗಿಯರು. ಈಗ ಅಲ್ಲಿ ಒಂದು ಆ್ಯಪ್ ಕೂಡ ಇದೆ. ಎಲ್ಲೋ ಹೃದಯ ಸ್ತಂಭನದ ಕರೆ ಬಂದರೆ, ಹತ್ತಿರದಲ್ಲಿರುವ ನೋಂದಾಯಿತ ಸ್ವಯಂಸೇವಕರ ಫೋನ್‌ಗೆ ಅಲರ್ಟ್ ಹೋಗುತ್ತೆ. ಒಬ್ಬರು ಸಿಪಿಆರ್‌ಗೆ ಓಡ್ತಾರೆ, ಇನ್ನೊಬ್ಬರು ಎಇಡಿ ತರೋಕೆ ಓಡ್ತಾರೆ. ನಮ್ಮಲ್ಲಿ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರುತ್ತೆ. ಇದು ಆಗದ ಮಾತೇನಲ್ಲ.

ಅದು ಶ್ರೀಮಂತ ದೇಶ ಅಂತೀರಾ? ಹಾಗಾದ್ರೆ ಪಕ್ಕದ ಬಾಂಗ್ಲಾದೇಶ ನೋಡಿ. 2025ರ ಮಾರ್ಚ್ 24. ಢಾಕಾ ಹೊರವಲಯದ ಸಾವರ್‌ನಲ್ಲಿ ದೇಶೀಯ ಕ್ರಿಕೆಟ್ ಪಂದ್ಯ. ಮಾಜಿ ನಾಯಕ ತಮೀಮ್ ಇಕ್ಬಾಲ್‌ಗೆ ತೀವ್ರ ಹೃದಯಾಘಾತ. ನಾಲ್ಕು ದಿನದ ಹಿಂದಷ್ಟೇ 36 ತುಂಬಿತ್ತು. ಹೃದಯ ನಿಂತಾಗ ತಂಡದ ಟ್ರೈನರ್ ಎದೆ ಒತ್ತೋದಕ್ಕೆ ಶುರು ಮಾಡಿದರು. ಹತ್ತಿರದ ಆಸ್ಪತ್ರೆಯಲ್ಲಿ ಮುಚ್ಚಿದ್ದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ತಮೀಮ್ ಬದುಕಿದರು. ಆ ಟ್ರೈನರ್ ಡಾಕ್ಟರ್ ಅಲ್ಲ, ಆದರೆ ಆ ಹೊತ್ತಲ್ಲಿ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು.

ಯಾರಿಗಾಗಿ ಕಲಿಯೋದು?

ಸಿಪಿಆರ್ ಅಂದ್ರೆ ರಸ್ತೆಯಲ್ಲಿ ಬಿದ್ದ ಯಾರೋ ಅಪರಿಚಿತರಿಗೆ ಮಾಡೋ ಸಮಾಜಸೇವೆ ಅಂತ ನಾವು ಅಂದ್ಕೊಂಡಿದ್ದೀವಿ. ಅಮೆರಿಕದ ಅಂಕಿಅಂಶ ನೋಡಿದ್ರೆ ಆಸ್ಪತ್ರೆ ಹೊರಗಿನ ಹೃದಯ ಸ್ತಂಭನಗಳಲ್ಲಿ ಹತ್ತರಲ್ಲಿ ಸುಮಾರು ಏಳು ಆಗೋದು ಮನೆಯಲ್ಲಿ. ಅಂದ್ರೆ ನಿಮ್ಮ ಅಂಗೈ ಒಂದು ದಿನ ಯಾರದ್ದಾದ್ರೂ ಎದೆ ಮೇಲೆ ಇಡಬೇಕಾಗಿ ಬಂದರೆ, ಅದು ಬಹುಶಃ ನಿಮ್ಮ ಅಪ್ಪನದ್ದು. ಅಮ್ಮನದ್ದು. ರೂಮ್‌ಮೇಟ್‌ದು. ಹಾಗೇ, ನಿಮ್ಮ ಎದೆ ಮೇಲೆ ಕೈ ಇಡಬೇಕಾದವರೂ ಅವರೇ. ಅವರಿಗೆ ಗೊತ್ತಿದೆಯಾ?

ಒಂದು ಮಾತನ್ನ ಮುಚ್ಚಿಡಬಾರದು. ಸಿಪಿಆರ್ ಕೊಟ್ಟರೂ ಎಲ್ಲರೂ ಬದುಕಲ್ಲ. ಅಷ್ಟು ತಯಾರಿ ಮಾಡಿದ ಡೆನ್ಮಾರ್ಕ್‌ನಲ್ಲೂ 2010ರಲ್ಲಿ ಉಳಿದವರು ನೂರಕ್ಕೆ ಹನ್ನೊಂದು ಜನ. ಸಿನಿಮಾದಲ್ಲಿ ತೋರಿಸೋ ಹಾಗೆ ನಾಲ್ಕು ಸಲ ಒತ್ತಿದ ಕೂಡಲೇ ಕೆಮ್ಮಿ ಎದ್ದು ಕೂರೋದು ನಿಜ ಜೀವನದಲ್ಲಿ ಬಹಳ ಅಪರೂಪ. ಒಂದು ವೇಳೆ ನೀವು ಪ್ರಯತ್ನ ಮಾಡಿ, ಆ ಜೀವ ಉಳಿಯದೇ ಹೋದರೆ, ಅದು ನೀವು ಸೋತಿದ್ದಲ್ಲ. ಆ ಹೃದಯ ನೀವು ಮುಟ್ಟೋಕೆ ಮುಂಚೆಯೇ ನಿಂತಿತ್ತು. ಇದ್ದ ಒಂದೇ ಅವಕಾಶವನ್ನ ನೀವು ಅವರಿಗೆ ಕೊಟ್ರಿ. ಮನೆಯಲ್ಲಿ ಅಂಥದ್ದು ನಡೆದು, ಆಗ ಏನು ಮಾಡಬೇಕಂತ ಗೊತ್ತಿರಲಿಲ್ಲ ಅನ್ನೋ ನೋವು ಹೊತ್ತುಕೊಂಡಿರೋರು ಇದನ್ನ ಕೇಳ್ತಿರಬಹುದು. ನಿಮಗೂ ಹೇಳ್ತೀನಿ, ಅದು ನಿಮ್ಮ ತಪ್ಪಲ್ಲ. ಯಾರೂ ನಮಗೆ ಕಲಿಸಿರಲಿಲ್ಲ.

ಈಗ ಕಲಿಯೋ ದಾರಿ ಇದೆ. ಇಂಡಿಯನ್ ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು, ಹಲವು ಆಸ್ಪತ್ರೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡ್ತವೆ. ಗೊಂಬೆಯ ಎದೆ ಒತ್ತಿ ಕಲಿತಾಗ ಐದು ಸೆಂಟಿಮೀಟರ್ ಅಂದ್ರೆ ಎಷ್ಟು ಅಂತ ಕೈಗೇ ಗೊತ್ತಾಗುತ್ತೆ. ಕಾಲೇಜಿನ ಫೆಸ್ಟ್‌ಗೆ ಡಿಜೆ ಕರೆಸ್ತೀರಲ್ಲ, ಜೊತೆಗೆ ಒಂದು ಗಂಟೆ ಇದಕ್ಕೂ ಇಡಿ. ಕ್ರಿಕೆಟ್ ಟೀಮ್, ಜಿಮ್, ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗ್ರೂಪ್, ಊರಿನ ಗಣೇಶ ಸಮಿತಿ, ಎಲ್ಲಿ ಹತ್ತು ಜನ ಸೇರ್ತಾರೋ ಅಲ್ಲಿ ಮಾಡಬಹುದು.

ತರಬೇತಿ ಸಿಗೋ ತನಕ ಕಾಯಬೇಕಂತಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಗಟ್ಟಿ ದಿಂಬೊಂದನ್ನ ನೆಲದ ಮೇಲೆ ಹಾಕಿ. ಮನೆಯವರನ್ನ ಸುತ್ತ ಕೂರಿಸಿ. ಎರಡು ನಿಮಿಷ ಟೈಮರ್ ಇಟ್ಟು ಒಬ್ಬೊಬ್ಬರಾಗಿ ಒತ್ತಿ ನೋಡಿ. ಅಮ್ಮ ನಗ್ತಾರೆ, ಅಪ್ಪ ‘ಇದೆಲ್ಲ ಏನೋ’ ಅಂತಾರೆ. ಪರವಾಗಿಲ್ಲ, ಅವರ ಕೈಯಲ್ಲೂ ಮಾಡಿಸಿ. ಎಚ್ಚರ ಇಲ್ಲ, ಸರಿಯಾದ ಉಸಿರಿಲ್ಲ ಅಂದ್ರೆ 108ಕ್ಕೆ ಕರೆ, ಎದೆ ನಡುವೆ ಕೈ, ಗಟ್ಟಿಯಾಗಿ, ಬೇಗಬೇಗ, ನಿಲ್ಲಿಸದೇ. ಇಷ್ಟು ನೆನಪಿದ್ರೆ ಸಾಕು.

ಈ ಸಂಚಿಕೆಯನ್ನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಕಳಿಸಿ. ಗುಡ್ ಮಾರ್ನಿಂಗ್ ಮೆಸೇಜ್‌ಗಳ ನಡುವೆ ಇದೂ ಒಂದಿರಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.